ಕಡಲಿಲ್ಲದ ಸೀಮೆಯಲ್ಲಿ ಕಡಲ್ಗಳ್ಳರ ಆಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಹುಮನಾಬಾದಿನವನು, ಬೀದರ್‌ನಲ್ಲಿ ಪದವಿ ಓದುತ್ತಿದ್ದೇನೆ. ರಜೆಯಲ್ಲಿ ‘ಪಿಲ್ಲರ್ಸ್ ಆಫ್ ಇಟರ್ನಿಟಿ 2: ಡೆಡ್‌ಫೈರ್’ ಎಂಬ ವಿಡಿಯೊ ಗೇಮ್ ಆಡಲು ಶುರು ಮಾಡಿದೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಡಗಿನಲ್ಲಿ ನೀರು ಮುಗಿಯುತ್ತದೆ, ನಾವಿಕರು ಸಿಟ್ಟಾಗುತ್ತಾರೆ, ಕಡಲ್ಗಳ್ಳರು ಎದುರಾದರೆ ಪ್ರತಿ ಸಲವೂ ಸೋಲುತ್ತೇನೆ. ಇಂಗ್ಲಿಷ್ ಸಂಭಾಷಣೆಗಳೂ ಬಹಳ ಉದ್ದ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ನಿಮಗೆ ತೊಡಕೆನಿಸಿದ ಈ ಮೂರು ಸಂಗತಿಗಳಲ್ಲೇ ಈ ಆಟದ ಸ್ವಾರಸ್ಯವಿದೆ. ಅಮೆರಿಕದ ಅಬ್ಸಿಡಿಯನ್ ಸಂಸ್ಥೆ 2018ರ ಮೇ ತಿಂಗಳಲ್ಲಿ ಹೊರತಂದ ಈ ಆಟದ ಕಥೆ ನಿಮಗೆ ಗೊತ್ತೇ ಇದೆ: ಇಯೋಥಾಸ್ ಎಂಬ ದೇವರು ನಿಮ್ಮ ಕೋಟೆಯ ಅಡಿಯಲ್ಲಿದ್ದ ದೈತ್ಯ ವಿಗ್ರಹದೊಳಗೆ ಸೇರಿ, ಕೋಟೆಯನ್ನು ಪುಡಿಮಾಡಿ ಕಡಲಿಗಿಳಿಯುತ್ತಾನೆ, ಅವನ ಬೆನ್ನುಹತ್ತಿ ಬಂದ ನಿಮ್ಮ ಹಡಗಿನ ಮೇಲೆ ಬೆನ್ವೆತ್ ಎಂಬ ಕಡಲ್ಗಳ್ಳನ ದಂಡು ಎರಗಿ, ಹಡಗು ಮಾಜೆ ದ್ವೀಪದ ದಡಕ್ಕೆ ಬಡಿಯುತ್ತದೆ. ಅಲ್ಲಿಂದ ಮುಂದೆ ನೀವು ವೀರನಷ್ಟೇ ಅಲ್ಲ, ಹಡಗೆಂಬ ಮನೆಯ ಯಜಮಾನರೂ ಹೌದು.

ಆದ್ದರಿಂದ ಮೊದಲು ನೀರಿನ ಲೆಕ್ಕ. ಹಡಗಿನಲ್ಲಿರುವ ಪ್ರತಿಯೊಬ್ಬ ನಾವಿಕನಿಗೆ ದಿನಕ್ಕೆ ಒಂದು ಪಾಲು ಊಟ, ಒಂದು ಪಾಲು ಕುಡಿಯುವ ನೀರು ಅಥವಾ ಬೇರೆ ಪಾನೀಯ ಬೇಕು. ಕೂಲಿಯೂ ದಿನದ ಲೆಕ್ಕದಲ್ಲೇ ಹೋಗುತ್ತದೆ. ಬೇಸಿಗೆಯಲ್ಲಿ ಕೊಡಗಳನ್ನು ಸಾಲಾಗಿಟ್ಟು ಟ್ಯಾಂಕರ್ ಕಾದ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಮೊದಲ ಸಲ ಆಡಿದಾಗ ಕೈಯಲ್ಲಿದ್ದ ಹಣವನ್ನೆಲ್ಲ ಕತ್ತಿ ಮತ್ತು ಕವಚಗಳಿಗೆ ಸುರಿದು, ಪೀಪಾಯಿಯಲ್ಲಿ ಎಷ್ಟು ನೀರಿದೆಯೆಂದು ನೋಡದೆಯೇ ಹಾಯಿ ಬಿಚ್ಚಿದ್ದೆ. ನಡುಗಡಲಿನಲ್ಲಿ ನೀರಿನ ಅಂಕಿ ಸೊನ್ನೆಗೆ ಇಳಿಯಿತು. ನಾವಿಕರ ಹುರುಪು ದಿನದಿನಕ್ಕೂ ಕುಸಿಯುತ್ತಾ ಹೋಗುವುದನ್ನು ನೋಡುತ್ತಾ ಕುಳಿತೆ. ಹುರುಪಿನ ಅಂಕಿ ತೀರ ತಳ ಮುಟ್ಟಿದರೆ ಅವರು ದಂಗೆಯೇ ಏಳಬಹುದು. ಬಂದರು ಬಿಡುವ ಮುನ್ನ ಹಡಗಿನ ವಿವರ ತೋರಿಸುವ ಪರದೆಯನ್ನು ತೆರೆದು ಊಟ, ನೀರು, ಔಷಧ, ದುರಸ್ತಿ ಸಾಮಗ್ರಿ ಈ ನಾಲ್ಕನ್ನೂ ನೋಡಿಕೊಂಡ ಮೇಲೆಯೇ ಲಂಗರು ಎತ್ತಿ. ಹಣ ಉಳಿದರೆ ಒಳ್ಳೆಯ ಊಟ ಖರೀದಿಸಿ; ನಾಲಿಗೆಗೆ ರುಚಿ ಸಿಕ್ಕ ನಾವಿಕರ ಹುರುಪು ಏರುತ್ತದೆ.

ಕಾಳಗದ ವಿಷಯ. ಈ ಆಟದಲ್ಲಿ ಹಡಗುಗಳ ಕಾಳಗ ಬಹುಪಾಲು ಓದಿನ ಮೂಲಕವೇ ನಡೆಯುತ್ತದೆ: ಪೂರ್ಣ ಹಾಯಿ ಬಿಚ್ಚುವುದೋ, ಹಡಗನ್ನು ಹೊರಳಿಸುವುದೋ, ಫಿರಂಗಿ ಹಾರಿಸುವುದೋ ಎಂದು ಸರದಿಯಂತೆ ನಿರ್ಧರಿಸಬೇಕು. ನಿಮ್ಮ ಆರಂಭದ ಪುಟ್ಟ ಹಡಗಿನಲ್ಲಿ ಫಿರಂಗಿಗಳು ಕಡಿಮೆ. ದೂರ ನಿಂತು ಗುಂಡು ಹಾರಿಸುತ್ತಿದ್ದರೆ ಸೋಲುವುದು ನೀವೇ. ಪೂರ್ಣ ಹಾಯಿಯಲ್ಲಿ ನುಗ್ಗಿ, ಎದುರಾಳಿಯ ಹಡಗಿಗೆ ತಾಗಿ ನಿಂತು, ಅದರ ಅಟ್ಟಕ್ಕೆ ಜಿಗಿದು ಕೈಕೈ ಕಾದಾಡಿ. ಅಲ್ಲಿ ನೀವು ಮತ್ತು ನಿಮ್ಮ ನಾಲ್ವರು ಸಂಗಾತಿಗಳ ಸಾಮರ್ಥ್ಯ ಲೆಕ್ಕಕ್ಕೆ ಬರುತ್ತದೆ. ಆದರೆ ಎದುರಾಳಿಯ ಹೆಸರಿನ ಪಕ್ಕದಲ್ಲಿ ಕೆಂಪು ತಲೆಬುರುಡೆ ಕಂಡರೆ ಅವನು ನಿಮಗಿಂತ ಬಲಿಷ್ಠನೆಂದು ತಿಳಿದು ಹಿಂದೆ ಸರಿಯಿರಿ. ಕೈಕೈ ಕಾಳಗದ ವೇಗವೇ ಗೊಂದಲ ಮಾಡುತ್ತಿದ್ದರೆ, 2019ರ ಜನವರಿಯಲ್ಲಿ ಸೇರಿಸಿದ ಸರದಿಯಾಟದ ಕ್ರಮವನ್ನು ಬಳಸಿ. ಒಬ್ಬರ ನಂತರ ಒಬ್ಬರು ಹೊಡೆಯುವುದರಿಂದ ಯೋಚಿಸಲು ಸಮಯ ಸಿಗುತ್ತದೆ. ಆದರೆ ಅದನ್ನು ಹೊಸ ಆಟ ತೆರೆಯುವಾಗಲೇ ಆಯ್ದುಕೊಳ್ಳಬೇಕು. ನೀವು ಇನ್ನೂ ಆರಂಭದ ದ್ವೀಪಗಳಲ್ಲೇ ಇರುವುದರಿಂದ ಮತ್ತೆ ಮೊದಲಿನಿಂದ ಶುರು ಮಾಡಿದರೂ ನಷ್ಟವಿಲ್ಲ.

ಇಂಗ್ಲಿಷಿಗೆ ಹೆದರಬೇಡಿ. ಸಂಭಾಷಣೆಯಲ್ಲಿ ಬಣ್ಣ ಬೇರೆಯಾಗಿ ಕಾಣುವ ಹೆಸರುಗಳ ಮೇಲೆ ಮೌಸ್ ಇಟ್ಟರೆ ಅವುಗಳ ವಿವರಣೆ ಅಲ್ಲೇ ತೆರೆದುಕೊಳ್ಳುತ್ತದೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಯಾರು ಯಾರ ಪಕ್ಷ, ಯಾರಿಗೆ ಏನು ಮಾತು ಕೊಟ್ಟಿದ್ದೀರಿ ಎಂಬುದನ್ನು ಕನ್ನಡದಲ್ಲೇ ಬರೆದಿಡಿ. ಒಂದು ಸಂಜೆಗೆ ಒಂದೇ ದ್ವೀಪ ಸಾಕು.

ಪ್ರಶ್ನೆ: ನನ್ನ ಮಗ ಕಲಬುರಗಿಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾನೆ. ಅವನ ಅಣ್ಣನ ಕಂಪ್ಯೂಟರಿನಲ್ಲಿ ಇದೇ ಡೆಡ್‌ಫೈರ್ ಆಟ ಆಡಲು ಹಟ ಹಿಡಿದಿದ್ದಾನೆ. ಕಳ್ಳರ ಆಟವಾಡಿ ಮಗು ಕೆಡುತ್ತಾನೇನೋ ಎಂಬ ಭಯ ನನಗೆ. ಆಡಲು ಬಿಡಬಹುದೇ?

ಉತ್ತರ: ಅಮ್ಮ, ಈಗ ಬೇಡ. ಆದರೆ ನೀವು ಹೇಳಿದ ಕಾರಣಕ್ಕಲ್ಲ. ಅಮೆರಿಕದ ಶ್ರೇಣೀಕರಣ ಮಂಡಳಿ ಈ ಆಟವನ್ನು 17 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರಿಗೆಂದು ಗುರುತಿಸಿದೆ. ರಕ್ತಪಾತ, ಒರಟು ಮಾತು, ವಯಸ್ಕರಿಗೆ ಮಾತ್ರ ತಕ್ಕ ಪ್ರಸಂಗಗಳು ಇದರಲ್ಲಿವೆ. ಕಳ್ಳತನದ ಮಟ್ಟಿಗೆ ಹೇಳುವುದಾದರೆ, ಈ ಆಟ ಅದನ್ನು ಮೆರೆಸುವುದಿಲ್ಲ. ಇಲ್ಲಿನ ಕಡಲ್ಗಳ್ಳರಲ್ಲೇ ಇಬ್ಬರು ನಾಯಕರಿದ್ದಾರೆ: ಫುರಾಂಟೆ ಎಂಬವನು ಗುಲಾಮರ ವ್ಯಾಪಾರಿಗಳೊಡನೆ ಕೈಜೋಡಿಸಿದವನು, ಎಲ್ಡಿಸ್ ಎಂಬಾಕೆ ಆ ವ್ಯಾಪಾರವನ್ನು ಕಿತ್ತೊಗೆಯಬೇಕೆನ್ನುವವಳು. ಯಾರ ಜೊತೆ ನಿಲ್ಲುತ್ತೀರಿ ಎಂಬ ಪ್ರಶ್ನೆಯನ್ನು ಆಟಗಾರ ಎದುರಿಸಲೇಬೇಕಾಗುತ್ತದೆ. ನಿಮ್ಮ ಮಗ ಬೆಳೆದ ಮೇಲೆ ಈ ಪ್ರಶ್ನೆಯನ್ನು ಮನೆಯವರೆಲ್ಲ ಕೂತು ಚರ್ಚಿಸುವಷ್ಟು ಗಟ್ಟಿತನ ಅದರಲ್ಲಿದೆ.

ಅಲ್ಲಿಯವರೆಗೆ 1990ರಲ್ಲಿ ಬಂದ ‘ದ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಕೊಡಿಸಿ. ಅದೂ ಕಡಲ್ಗಳ್ಳರದೇ ಕಥೆ, ಆದರೆ ಅಲ್ಲಿ ಕತ್ತಿವರಸೆ ಗೆಲ್ಲುವುದು ಮಾತಿನಿಂದ. ಎದುರಾಳಿ ಒಂದು ಮೂದಲಿಕೆ ಎಸೆಯುತ್ತಾನೆ. ಅದಕ್ಕೆ ಸರಿಹೊಂದುವ ಮಾತು ನಿಮ್ಮ ಬಳಿ ಇದ್ದರೆ ಗೆದ್ದಿರಿ, ಇಲ್ಲವಾದರೆ ಸೋಲಬೇಕು. ಆದರೆ ಸೋತಾಗ ಕೇಳಿಸಿಕೊಂಡ ಮಾತು ನಿಮ್ಮದಾಗುತ್ತದೆ, ಮುಂದಿನವನ ಮೇಲೆ ಅದನ್ನೇ ಬಳಸಬಹುದು. ಕೊನೆಗೆ ಎದುರಾಗುವ ಕತ್ತಿವರಸೆಯ ಗುರು ಯಾರೂ ಆಡದ ಹೊಸ ಮೂದಲಿಕೆಗಳನ್ನು ಎಸೆಯುತ್ತಾಳೆ. ಹಳೆಯ ಉತ್ತರಗಳಲ್ಲೇ ಯಾವುದು ಹೊಂದುತ್ತದೆಂದು ಆಟಗಾರ ತಾನೇ ಯೋಚಿಸಬೇಕು. ಹರದೇಶಿ–ನಾಗೇಶಿ ಗೀಗೀ ಮೇಳಗಳ ಸವಾಲ್–ಜವಾಬನ್ನು ರಾತ್ರಿಯಿಡೀ ಕೂತು ಕೇಳಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿ. ಆಟದ ಸವಿ ಅವರಿಗೆ ಬಲುಬೇಗ ಹತ್ತುತ್ತದೆ.

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಇಂಥ ಆಟ ಆಡುವ ನನ್ನ ವಿದ್ಯಾರ್ಥಿಗಳು ‘ಕಡಲ್ಗಳ್ಳರಿಗೂ ನಮ್ಮ ಭಾಗಕ್ಕೂ ಏನು ಸಂಬಂಧ ಸರ್’ ಎಂದು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಸಂಬಂಧ ಇದೆ ಎಂದೇ ಹೇಳಿ, ಬೀದರ್‌ನಿಂದ ಶುರು ಮಾಡಿ. ಬಹಮನಿ ರಾಜ್ಯಕ್ಕೆ ಕುದುರೆಗಳು ಕಡಲಾಚೆಯಿಂದ, ದಾಭೋಳ್, ಚೌಲ್‌ನಂಥ ಕೊಂಕಣದ ಬಂದರುಗಳ ಮೂಲಕ ಬರುತ್ತಿದ್ದವು. ಆ ಹಾದಿ ತಪ್ಪಿದರೆ ಬೀದರ್‌ನ ಸೈನ್ಯಕ್ಕೆ ಕುದುರೆಗಳಿಲ್ಲ. ಕೊಂಕಣದ ಸಂಗಮೇಶ್ವರ ಮತ್ತು ಖೇಳಣಾ, ಎಂದರೆ ಇಂದಿನ ವಿಶಾಲಗಡ, ಇವುಗಳ ಅರಸರು ಹಡಗುಗಳನ್ನಿಟ್ಟು ವ್ಯಾಪಾರಿ ನೌಕೆಗಳನ್ನು ದೋಚುತ್ತಿದ್ದುದರಿಂದ, ಬಹಮನಿ ಪ್ರಧಾನಿ ಮಹಮೂದ್ ಗವಾನ್ ಆ ಅರಸರ ಮೇಲೆ ದಂಡೆತ್ತಿ ಹೋಗಿ, ಮಳೆಗಾಲದಲ್ಲಿ ಘಟ್ಟದ ಕಾಡುಗಳ ಕಷ್ಟವನ್ನೂ ಉಂಡು, ಕೊನೆಗೆ 1472ರಲ್ಲಿ ಗೋವೆಯನ್ನು ವಶಪಡಿಸಿಕೊಂಡ. ಬೀದರ್‌ನಲ್ಲಿ ಅವನು ಕಟ್ಟಿಸಿದ ಮದರಸಾ ಮುಗಿದದ್ದೂ ಅದೇ ವರ್ಷ. ಗವಾನ್ ಸ್ವತಃ ಕ್ಯಾಸ್ಪಿಯನ್ ತೀರದ ಗೀಲಾನಿನಿಂದ ಹೊರಟು, ವ್ಯಾಪಾರಿಯಾಗಿ ದಾಭೋಳ್‌ನಲ್ಲಿ ಇಳಿದವನು. ಹಡಗಿನ ದಾರಿಯ ಭಯ ಅವನಿಗೆ ಕೇಳಿ ತಿಳಿದದ್ದಲ್ಲ. ಅದೇ ಕಾಲದಲ್ಲಿ ಬೀದರ್‌ಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ ಮಾರಲೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದಿದ್ದ. ಈ ಕಡಲಿನಲ್ಲಿ ಕಳ್ಳರು ಬಹಳ ಎಂದು ಅವನು ಬರೆದಿಟ್ಟಿದ್ದಾನೆ.

ಇನ್ನೊಂದು ಸಣ್ಣ ಸಂಗತಿ ನಿಮ್ಮ ಪಾಠಕ್ಕೆ ನೆರವಾಗಬಹುದು. ಡೆಡ್‌ಫೈರ್ ಆಟದಲ್ಲಿ ಕೊಳ್ಳಲು ಸಿಗುವ ಹಡಗುಗಳಲ್ಲಿ ಒಂದರ ಹೆಸರು ‘ಧೋ’. ಅರಬ್ಬೀ ಸಮುದ್ರದಲ್ಲಿ ಶತಮಾನಗಳಿಂದ ಓಡಾಡಿದ ಹಾಯಿಹಡಗಿನ ಹೆಸರೇ ಅದು. ವಿದ್ಯಾರ್ಥಿಗಳಿಗೆ ಮೊದಲು ಪರದೆಯ ಮೇಲೆ ಆ ಹಡಗನ್ನು ತೋರಿಸಿ, ಆಮೇಲೆ ಗೋಡೆಯ ನಕಾಶೆಯಲ್ಲಿ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ನಿಂದ ದಾಭೋಳ್‌ಗೂ, ಅಲ್ಲಿಂದ ಘಟ್ಟ ಹತ್ತಿ ಬೀದರ್‌ಗೂ ಅವರ ಕೈಯಿಂದಲೇ ಗೆರೆ ಎಳೆಸಿ.