ಹೊಸದಾಗಿ ಪಿಸ್ತೂಲು ತಗೊಂಡವರು ಎಂಥ ತರಬೇತಿಗೆ ಸೇರಬೇಕು?

ಈಗಷ್ಟೇ ಪಿಸ್ತೂಲು ತಗೊಂಡಿದ್ದೇನೆ, ಯಾವ ಕೋರ್ಸ್ ಸೇರಲಿ ಎಂದು ಕೇಳಿದ್ದೀರಿ. ಲೈಸೆನ್ಸಿಗೆ ಬೇಕಾದ ಸರ್ಟಿಫಿಕೇಟ್ ಸಿಕ್ಕಿತು ಅಂದರೆ ಕಲಿತಾಯಿತು ಅಂತಲ್ಲ. ಮೊದಲು ಬೇಸಿಕ್ ಕೋರ್ಸಿಗೇ ಹೋಗಿ. ಸೊಂಟದಿಂದ ಸರಕ್ಕನೆ ತೆಗೆಯುವುದು, ಓಡುತ್ತಾ ಗುಂಡು ಹಾರಿಸುವುದು ಎಲ್ಲ ಆಮೇಲೆ.

ಬೇಸಿಕ್ ಅಂದರೆ ಸಣ್ಣದಲ್ಲ. ಪಿಸ್ತೂಲು ಖಾಲಿ ಮಾಡುವುದನ್ನೇ ನೋಡಿ. ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ತೆಗೆದರೂ ಚೇಂಬರಿನಲ್ಲಿ, ಅಂದರೆ ಹಾರುವ ಮುಂಚೆ ಗುಂಡು ಕೂರುವ ಜಾಗದಲ್ಲಿ, ಒಂದು ಗುಂಡು ಉಳಿದಿರಬಹುದು. ಹಾಗಾಗಿ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂದಕ್ಕೆ ಎಳೆಯಬೇಕು. ಚೇಂಬರನ್ನು ಕಣ್ಣಿಂದ ನೋಡಬೇಕು, ಬೆರಳಿಂದ ಮುಟ್ಟಿಯೂ ನೋಡಬೇಕು. ಈ ಕ್ರಮ ಉಲ್ಟಾ ಮಾಡಿ ಮೊದಲು ಸ್ಲೈಡ್ ಎಳೆದರೆ ಒಂದು ಗುಂಡು ಹೊರಗೆ ಬೀಳುತ್ತದೆ, ಮ್ಯಾಗಜಿನ್‌ನಿಂದ ಇನ್ನೊಂದು ಒಳಗೆ ಹೋಗುತ್ತದೆ. ಖಾಲಿ ಅಂದುಕೊಂಡು ಟ್ರಿಗರ್ ಒತ್ತಿ ಅನಾಹುತ ಆಗುವುದು ಹೀಗೇ. ಇದನ್ನು ಕೈಗೆ ರೂಢಿಯಾಗುವವರೆಗೂ ಮಾಡಿಸುವ ಕಡೆ ಸೇರಿ.

ದುಡ್ಡು ಕಟ್ಟುವ ಮುಂಚೆ, ಅವರು ಒಳಗೆ ಬಿಟ್ಟರೆ, ಒಂದು ತರಗತಿ ಸುಮ್ನೆ ನಿಂತು ನೋಡಿ. ಯಾರದೋ ಪಿಸ್ತೂಲಿನ ಬಾಯಿ ಪಕ್ಕದವರ ಕಡೆ ತಿರುಗಿದಾಗ ತರಬೇತುದಾರರು ತಕ್ಷಣ ನಿಲ್ಲಿಸಿ ತಿದ್ದುತ್ತಾರಾ? ನಕ್ಕು ಬಿಟ್ಟರೆ ಅಲ್ಲಿ ಸೇರಲೇಬೇಡಿ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಅವರು ಎಷ್ಟು ಪದಕ ಗೆದ್ದಿದ್ದಾರೆ ಅನ್ನುವುದು ಆಮೇಲಿನ ಮಾತು. ಗುಂಡು ಹಾರಿಸುವಾಗ ಒಬ್ಬ ತರಬೇತುದಾರರಿಗೆ ನಾಲ್ಕೈದು ಜನಕ್ಕಿಂತ ಜಾಸ್ತಿ ಇದ್ದರೂ ಯೋಚಿಸಿ, ನಿಮ್ಮ ಬೆರಳು ಎಲ್ಲಿದೆ ಅಂತ ಅವರಿಗೆ ಕಾಣಬೇಕಲ್ವಾ?

ಮನೆಯಲ್ಲಿ ಬೀಗ ಹಾಕಿ ಇಡುವುದು, ನಿಮ್ಮಲ್ಲಿನ ಕಾನೂನು, ಇವೂ ಪಾಠದಲ್ಲಿ ಇರಬೇಕು. ಕಿವಿಗೆ, ಕಣ್ಣಿಗೆ ರಕ್ಷಣೆ ಅವರೇ ಕೊಡುತ್ತಾರಾ, ನಾವೇ ತರಬೇಕಾ ಎಂದು ಮೊದಲೇ ಕೇಳಿಬಿಡಿ.