ಮತವಿಲ್ಲದ ಮನೆಯಲ್ಲಿ ಚುನಾವಣಾ ಜಗಳ

2016ರ ಮಾರ್ಚ್ ಕೊನೆಯ ವಾರ. ಕಾಳುಮೆಣಸು ಕೊಯ್ಲು ಮುಗಿಯುತ್ತಾ ಬಂದಿತ್ತು. ಕಾಫಿ ಹೂಬಿಡಿಸುವ ಹೂಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿದ್ದರು. ಆಗ ಮಡಿಕೇರಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಒಬ್ಬ ತಾಯಿ ತನ್ನ ಗಂಡನನ್ನೂ ಮಗನನ್ನೂ ಕರೆದುಕೊಂಡು ಬಂದರು. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ಗಂಡ ನಿವೃತ್ತ ಸುಬೇದಾರ್, ವಯಸ್ಸು 67. ಮಗ ತೋಟ ನೋಡಿಕೊಳ್ಳುತ್ತಾನೆ. ಇಬ್ಬರೂ ಮೂರು ವಾರದಿಂದ ಮಾತು ಬಿಟ್ಟಿದ್ದರು.

"ಯಾವ ವಿಷಯಕ್ಕೆ?" ಎಂದು ಕೇಳಿದೆ.

ತಾಯಿ ನಾಚಿಕೊಂಡೇ ಹೇಳಿದರು: "ಟ್ರಂಪ್ ವಿಷಯಕ್ಕೆ, ಮೇಡಂ."

ನಗು ಬಂತು, ತಡೆದುಕೊಂಡೆ. ಆ ಮನೆಯಲ್ಲಿ ಒಬ್ಬರಿಗೂ ಅಮೆರಿಕದಲ್ಲಿ ಮತವಿಲ್ಲ. ಆದರೆ ಮಗಳು, ಅಳಿಯ ಡಲ್ಲಾಸ್‌ನಲ್ಲಿದ್ದಾರೆ. ಅಳಿಯ ಎಚ್‌-1ಬಿ (ನುರಿತ ವಿದೇಶಿ ಕೆಲಸಗಾರರಿಗೆ ಕೊಡುವ) ವೀಸಾದಲ್ಲಿದ್ದಾನೆ. ಅವನ ಹೆಂಡತಿ ಅಂತ ಮಗಳಿಗೆ ಅಲ್ಲಿ ಕೆಲಸ ಮಾಡಲು ಅನುಮತಿ ಸಿಕ್ಕಿದ್ದು 2015ರಲ್ಲಿ ಬಂದ ಹೊಸ ನಿಯಮದಿಂದ. ಹಾಗಾಗಿ ಆ ವರ್ಷದ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದಿಂದ ಯಾರು ನಿಲ್ಲುತ್ತಾರೆ ಅನ್ನೋದು ಇವರಿಗೆ ಮನೆ ವಿಷಯವೇ.

ಅಪ್ಪನ ಒಲವು ಟೆಕ್ಸಾಸ್‌ನ ಸೆನೆಟರ್ ಟೆಡ್ ಕ್ರೂಜ್ ಕಡೆಗೆ. ಒಬಾಮಾ ಅವರ ಆರೋಗ್ಯ ಕಾಯ್ದೆ ಬೇಡ ಅಂತ 2013ರಲ್ಲಿ ಸೆನೆಟ್‌ನಲ್ಲಿ 21 ಗಂಟೆಗೂ ಜಾಸ್ತಿ ನಿಂತು ಮಾತಾಡಿದ ಮನುಷ್ಯ. ಅದೇ ಹಟದ ಬೆನ್ನಿಗೆ ಅಲ್ಲಿನ ಸರ್ಕಾರಿ ಕಚೇರಿಗಳು 16 ದಿನ ಬಾಗಿಲು ಹಾಕಿದವು. "ಅವ ಒಳ್ಳೆಯವ ಅಂತ ನಾನು ಹೇಳ್ತಿಲ್ಲ," ಎಂದರು ಸುಬೇದಾರರು. "ಆದರೆ ನಾಳೆ ಏನು ಹೇಳ್ತಾನೆ ಅಂತ ಇವತ್ತೇ ಗೊತ್ತಿರುತ್ತೆ." ಮಗನ ವಾದ ಬೇರೆ. ಟ್ರಂಪ್ ವ್ಯಾಪಾರಿ, ಲಾಭ ಕಂಡರೆ ಬಗ್ಗುತ್ತಾನೆ. ಸಿದ್ಧಾಂತ ಹಿಡಿದವನು ಬಗ್ಗೋದೇ ಇಲ್ಲ. ಅಂಥವನ ಕೈಗೆ ದೇಶ ಕೊಟ್ಟರೆ ಭಾವನ ಗತಿ ಏನು?

ಎರಡೂ ಪೆದ್ದು ಮಾತಲ್ಲ.

ಜಗಳ ಹೊತ್ತಿಕೊಂಡದ್ದು ಮಾರ್ಚ್ 4ರಂದು. ಡೆಟ್ರಾಯಿಟ್‌ನ ವೇದಿಕೆಯಿಂದ ರಿಪಬ್ಲಿಕನ್ ಆಕಾಂಕ್ಷಿಗಳ ಚರ್ಚೆ ನಮ್ಮ ಬೆಳಗಿನ ತಿಂಡಿಯ ಹೊತ್ತಿಗೆ ಟಿವಿಯಲ್ಲಿ ಬರುತ್ತಿತ್ತು. ನುರಿತ ಕೆಲಸಗಾರರು ಬೇಕು, ನನ್ನ ನಿಲುವು ಬದಲಿಸುತ್ತಿದ್ದೇನೆ ಎಂದು ಟ್ರಂಪ್ ಹೇಳಿದರು. ಮಗ ಮೇಜು ಕುಟ್ಟಿ ಕುಣಿದ. ನಮ್ಮ ಮಧ್ಯಾಹ್ನದ ಊಟದೊಳಗೆ ಅದೇ ಟ್ರಂಪ್ ಕಡೆಯಿಂದ ಹೇಳಿಕೆ ಬಂತು: ಎಚ್‌-1ಬಿ ಹೆಸರಿನಲ್ಲಿ ಅಗ್ಗದ ಕೂಲಿ ತರುವುದನ್ನು ನಿಲ್ಲಿಸುತ್ತೇನೆ. ಈಗ ಅಪ್ಪನ ಸರದಿ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. "ನಿನ್ನ ಅಕ್ಕ ವಾಪಸ್ ಬಂದರೆ ನಿನಗೆ ಖುಷಿ, ಅಲ್ವಾ?" ಎಂದುಬಿಟ್ಟರು. ಮಗ ತಟ್ಟೆ ಬಿಟ್ಟು ಎದ್ದುಹೋದ.

ಮೊದಲ ಭೇಟಿಯಲ್ಲಿ ನಾನೇ ಒಂದು ತಪ್ಪು ಮಾಡಿದೆ. ನಿಮಗೆ ಏನನ್ನಿಸುತ್ತೆ ಅಂತ ಅಪ್ಪ ಕೇಳಿದರು. ಹಟದ ಮನುಷ್ಯನಿಗಿಂತ ಗಳಿಗೆಗೊಂದು ಬುದ್ಧಿಯವನೇ ನನಗೆ ಜಾಸ್ತಿ ಭಯ ಎಂದುಬಿಟ್ಟೆ. ಹಟದವನನ್ನು ಎಲ್ಲಿ ತಡೆಯಬೇಕು ಅಂತ ಎದುರಾಳಿಗೆ ಗೊತ್ತಿರುತ್ತೆ, ಇನ್ನೊಬ್ಬನ ವಿಷಯದಲ್ಲಿ ಅವನ ಕಡೆಯವರಿಗೂ ಗೊತ್ತಿರಲ್ಲ. ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಆದರೆ ಆ ಕುರ್ಚಿಯಲ್ಲಿ ಕೂತು ಹೇಳುವ ಮಾತಲ್ಲ. ಮಗ ಮುಂದಿನ ಭೇಟಿಗೆ ಬರಲೇ ಇಲ್ಲ.

ಫೋನ್ ಮಾಡಿ ಕ್ಷಮೆ ಕೇಳಿದೆ. ಇಬ್ಬರಿಗೂ ಒಂದು ಕೆಲಸ ಕೊಟ್ಟೆ: ನಿಮ್ಮ ಮನುಷ್ಯ ಎಂಥವನು ಅನ್ನೋದು ಬೇಡ, ಈ ವೀಸಾ ವಿಷಯದಲ್ಲಿ ಯಾವಾಗ ಏನು ಹೇಳಿದ, ಏನು ಮಾಡಿದ, ಬರೆದು ತನ್ನಿ.

ಸುಬೇದಾರರು ಮುಖ ಸಣ್ಣ ಮಾಡಿಕೊಂಡು ಬಂದರು. ಇದೇ ಕ್ರೂಜ್ 2013ರಲ್ಲಿ ವರ್ಷದ ವೀಸಾಗಳನ್ನು 65,000ದಿಂದ 3,25,000ಕ್ಕೆ ಏರಿಸಬೇಕು ಎಂದು ತಿದ್ದುಪಡಿ ತಂದಿದ್ದರು. 2015ರ ಡಿಸೆಂಬರ್‌ನಲ್ಲಿ ಇನ್ನೊಬ್ಬ ಸೆನೆಟರ್ ಜೆಫ್ ಸೆಷನ್ಸ್ ಜತೆ ಸೇರಿ ಮಂಡಿಸಿದ ಮಸೂದೆಯಲ್ಲಿ, ಈ ವೀಸಾದವರಿಗೆ ವರ್ಷಕ್ಕೆ ಕನಿಷ್ಠ 1,10,000 ಡಾಲರ್ ಸಂಬಳ ಕೊಡಬೇಕು ಅನ್ನುವ ಷರತ್ತಿತ್ತು. "ಪೂರ್ತಿ ತಿರುಗಿದ್ದಾನೆ ಮೇಡಂ," ಎಂದರು, ತಾವೇ ಮೋಸ ಹೋದವರ ಹಾಗೆ.

ಮಗ ನಗುತ್ತಾನೆ ಅಂದುಕೊಂಡಿದ್ದೆ. ಅವನು ತನ್ನ ಹಾಳೆ ನೋಡುತ್ತಾ ಹೇಳಿದ: "ಅವನಿಗೆ ತಿರುಗೋದಕ್ಕೆ ಎರಡೂವರೆ ವರ್ಷ ಬೇಕಾಯಿತು. ಇವನಿಗೆ ಅರ್ಧ ದಿನವೂ ಬೇಡ. ಎರಡೂವರೆ ವರ್ಷ ಸಿಕ್ಕರೆ ಭಾವ ಏನಾದರೂ ದಾರಿ ಮಾಡಿಕೊಳ್ಳಬಹುದು." ನಾನು ಮೊದಲ ದಿನ ಸುಮ್ನೆ ಉಪದೇಶ ಮಾಡಿದ್ದಕ್ಕಿಂತ ಇದು ಎಷ್ಟೋ ಗಟ್ಟಿ ಮಾತು.

ಆಮೇಲೆ ಅವನೊಬ್ಬನನ್ನೇ ಕೂರಿಸಿ ಕೇಳಿದೆ: ಅಕ್ಕ ವಾಪಸ್ ಬಂದರೆ ನಿನಗೇನಾಗುತ್ತೆ? ತುಂಬಾ ಹೊತ್ತು ಮಾತಿಲ್ಲ. ಎಂಟು ವರ್ಷ ತೋಟದಲ್ಲಿ ಬೆವರು ಸುರಿಸಿದ್ದಾನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅನ್ನೋದು ಅವನಿಗೆ ಗೊತ್ತು. ಅಕ್ಕ ಬರಬಾರದು ಎಂಬ ಆಸೆ ಇಲ್ಲ, ಬಂದರೆ ಏನು ಅನ್ನುವ ಹೆದರಿಕೆ ಇದೆ. ಅಪ್ಪನ ಮಾತು ಅದೇ ಜಾಗಕ್ಕೆ ತಾಗಿತ್ತು.

ನಾನು ಕೊಟ್ಟ ಸಲಹೆಯಲ್ಲಿ ರಾಜಕೀಯ ಕಡಿಮೆ. ಅಪ್ಪ ಆ ಒಂದು ವಾಕ್ಯವನ್ನು ತಾಯಿಯ ಎದುರಿಗೇ ಹಿಂದೆ ತೆಗೆದುಕೊಳ್ಳಬೇಕು. ಬರೀ "ಆಯ್ತು ಬಿಡು" ಅಂದರೆ ಸಾಲದು. ತಿಂಡಿ ಮುಗಿಯುವ ತನಕ ಟಿವಿ ಹಾಕಬಾರದು, ಅವರ ರಕ್ತದೊತ್ತಡಕ್ಕೂ ಅದೇ ಒಳ್ಳೆಯದು. ಪಾಲಿನ ವಿಷಯಕ್ಕೆ ವಕೀಲರ ಹತ್ತಿರ ಹೋಗಿ, ಅಪ್ಪ ಗಟ್ಟಿಯಾಗಿರುವಾಗಲೇ. ಇನ್ನೊಂದು: ಭಾನುವಾರದ ಫೋನಿನಲ್ಲಿ ಮಗಳನ್ನೇ ಕೇಳಿ, ವೀಸಾ ಮುಂದುವರಿಯದಿದ್ದರೆ ಏನು ಮಾಡ್ತೀರಿ ಅಂತ. ಇಷ್ಟು ಜಗಳ ಆಡಿದವರು ಒಬ್ಬರೂ ಅವಳನ್ನು ಕೇಳಿರಲಿಲ್ಲ!

ಮೇ 4ರ ಬೆಳಿಗ್ಗೆ ಸುದ್ದಿ ಬಂತು. ಇಂಡಿಯಾನಾ ರಾಜ್ಯದ ಪಕ್ಷದೊಳಗಿನ ಚುನಾವಣೆಯಲ್ಲಿ ಸೋತ ಕ್ರೂಜ್ ಕಣದಿಂದ ಹಿಂದೆ ಸರಿದಿದ್ದರು. ಸ್ವಲ್ಪ ಹೊತ್ತಿಗೆ ಸುಬೇದಾರರ ಫೋನ್. ಸಮಾಧಾನ ಹೇಳಲು ಸಿದ್ಧವಾಗಿ ಎತ್ತಿದೆ.

"ಅದು ಬಿಡಿ ಮೇಡಂ. ಮಗಳು, ಅಳಿಯ ಹೋದ ವರ್ಷದಿಂದಲೇ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾರಂತೆ. ನಾನು ಚಿಂತೆ ಮಾಡ್ತೇನೆ ಅಂತ ಹೇಳಿರಲಿಲ್ಲ." ಒಂದು ಗಳಿಗೆ ಬಿಟ್ಟು ಮತ್ತೆ: "ಸೋಮವಾರ ವಕೀಲರ ಹತ್ತಿರ ಬರ್ತಿದ್ದೇವೆ. ಜೀಪು ಮಗನೇ ಓಡಿಸ್ತಾನೆ."