ಬಣ್ಣ ತುಂಬಿದೆ, ಆಳ ಎಲ್ಲಿ?

ಪ್ರಶ್ನೆ: ಎರಡು ವರ್ಷದಿಂದ ಆಯಿಲ್ ಪ್ಯಾಸ್ಟೆಲ್‌ನಲ್ಲಿ ಅಮೂರ್ತ ಚಿತ್ರ ಬರೆಯುತ್ತಿದ್ದೇನೆ. 50 ಬಣ್ಣದ ಡಬ್ಬಿ ಇದೆ, ಎಲ್ಲವನ್ನೂ ಬಳಸುತ್ತೇನೆ. ಆದರೂ ಚಿತ್ರ ಚಪ್ಪಟೆ, ಕೆಲವು ಕಡೆ ಕೆಸರಿನ ಹಾಗೆ. ಮಕ್ಕಳ ಪ್ಯಾಸ್ಟೆಲ್ ಆಗಿರುವುದರಿಂದ ಹೀಗಾ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಡಬ್ಬಿಯ ತಪ್ಪಲ್ಲ. ಆಯಿಲ್ ಪ್ಯಾಸ್ಟೆಲ್ ಹುಟ್ಟಿದ್ದೇ 1920ರ ದಶಕದ ಜಪಾನಿನಲ್ಲಿ, ಶಾಲಾ ಮಕ್ಕಳಿಗಾಗಿ. ಪ್ಯಾರಿಸ್‌ನ ಸೆನ್ನೆಲಿಯೆ ಅಂಗಡಿಯವರು ಪಿಕಾಸೊಗೆಂದು ಕಲಾವಿದರ ಮೃದು ಕಡ್ಡಿ ಮಾಡಿಕೊಟ್ಟಿದ್ದು ಆಮೇಲೆ, 1949ರ ಹೊತ್ತಿಗೆ.

ನೀವು ಮೊದಲು ಐದೇ ಕಡ್ಡಿ ಹೊರಗಿಟ್ಟುಕೊಂಡು ಡಬ್ಬಿ ಮುಚ್ಚಿಬಿಡಿ. ಎಲ್ಲಾ ಬಣ್ಣವೂ ಒಂದೇ ಜೋರಲ್ಲಿ ಕೂಗಿದರೆ ಯಾವುದು ಹತ್ತಿರ, ಯಾವುದು ದೂರ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ.

ಕೆಂಪು ಮುಂದೆ ಬರುತ್ತೆ, ನೀಲಿ ಹಿಂದೆ ಸರಿಯುತ್ತೆ ಅಂತ ಎಲ್ಲರೂ ಹೇಳಿಕೊಡುತ್ತಾರೆ ಅಲ್ವಾ? ಅದು ಅರ್ಧ ಮಾತು. ಇಟ್ಟಿಗೆ ಬಣ್ಣವನ್ನು ತೆಳ್ಳಗೆ ಉಜ್ಜಿ, ಅಂಚನ್ನು ಬೆರಳಲ್ಲಿ ತೀಡಿ ಮಸುಕು ಮಾಡಿ. ಅದರ ಪಕ್ಕದಲ್ಲೇ ತಿಳಿನೀಲಿಯನ್ನು ಒತ್ತಿ ದಪ್ಪಗೆ ಹಚ್ಚಿ, ಅಂಚು ಚೂಪಾಗಿರಲಿ. ಈಗ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ನೀಲಿಯೇ ಎದ್ದು ಬಂದು ನಿಂತಿರುತ್ತದೆ, ಯಾಕೆಂದರೆ ಹತ್ತಿರ-ದೂರವನ್ನು ಬಣ್ಣದ ಹೆಸರಿಗಿಂತ ಜಾಸ್ತಿ ಅದರ ಅಂಚು, ಅದರ ದಪ್ಪ, ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದೇ ತೀರ್ಮಾನಿಸುತ್ತದೆ. ಜರ್ಮನಿಯಿಂದ ಹೋಗಿ ನ್ಯೂಯಾರ್ಕ್‌ನಲ್ಲಿ ಕಲಾಶಾಲೆ ನಡೆಸಿದ ಹಾನ್ಸ್ ಹಾಫ್‌ಮನ್ ಬಣ್ಣಗಳ ಈ ತಳ್ಳಾಟ-ಎಳೆದಾಟವನ್ನು 'ಪುಶ್ ಅಂಡ್ ಪುಲ್' ಎಂದು ಕರೆದು ವರ್ಷಗಟ್ಟಲೆ ಪಾಠ ಮಾಡಿದರು.

ಇನ್ನೊಂದು ಮಾತು, ಹಾಳೆಯನ್ನು ಪೂರ್ತಿ ಮುಚ್ಚಬೇಡಿ. ಒರಟು ಹಾಳೆಯ ಮೇಲೆ ಕಡ್ಡಿಯನ್ನು ಸುಮ್ನೆ ಹಗುರವಾಗಿ ಎಳೆದರೆ ಬಣ್ಣ ಉಬ್ಬುಗಳಿಗೆ ಮಾತ್ರ ಹತ್ತುತ್ತದೆ, ಕುಳಿಗಳು ಬಿಳಿಯಾಗೇ ಉಳಿಯುತ್ತವೆ. ಆ ಬಿಳಿ ಚುಕ್ಕಿಗಳಿಂದ ಗಾಳಿ ಆಡುತ್ತದೆ. ನನಗೆ ಚಿತ್ರದಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಜಾಗ ಅದೇ.

ಕೆಸರಿನ ವಿಷಯ: ನೀಲಿಯ ಮೇಲೆ ಹಳದಿ ಎಳೆದ ಮೇಲೆ ಹಳದಿ ಕಡ್ಡಿಯ ತುದಿ ನೋಡಿ, ಹಸಿರು ಮೆತ್ತಿಕೊಂಡಿರುತ್ತದೆ. ಅದನ್ನೇ ಕೆಂಪಿನ ಮೇಲೆ ಒಯ್ದರೆ ಕಂದು ಕೆಸರು. ಹಳೇ ಹತ್ತಿ ಬಟ್ಟೆ ತೊಡೆ ಮೇಲಿರಲಿ, ಪ್ರತಿ ಸಲ ತುದಿ ಒರೆಸಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ.

ಪ್ರಶ್ನೆ: ತಿಂಗಳುಗಳಾದರೂ ನನ್ನ ಆಯಿಲ್ ಪ್ಯಾಸ್ಟೆಲ್ ಚಿತ್ರ ಒಣಗುತ್ತಿಲ್ಲ. ಏನು ಮಾಡಲಿ?
- ಓದುಗರೊಬ್ಬರು, ಧಾರವಾಡ

ಉತ್ತರ: ಕಾಯಬೇಡಿ, ಅದು ಪೂರ್ತಿ ಒಣಗುವುದೇ ಇಲ್ಲ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಗಾಳಿ ತಾಗಿ ಗಟ್ಟಿಯಾಗುತ್ತದೆ. ಪ್ಯಾಸ್ಟೆಲ್‌ನಲ್ಲಿರುವ ಖನಿಜ ಎಣ್ಣೆ, ಮೇಣ ಹಾಗಲ್ಲ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್, ಅಂದರೆ ಸುತ್ತ ಅಂಚಿಗೆ ದಪ್ಪ ರಟ್ಟು, ಕೊಡಿಸಿ. ಫೈಲಿನಲ್ಲಿ ಇಡುವುದಾದರೆ ಪ್ರತಿ ಚಿತ್ರದ ಮೇಲೂ ಒಂದು ಬಟರ್ ಪೇಪರ್ ಹಾಕಿ, ಬಿಸಿಲಿಂದ ದೂರ ಇಡಿ.